ಒಂದನೇ ಗೇರು ಎಲ್ಲಿದೆ?

ಹಲ್ಲಿನ ಡಾಕ್ಟರು ತಮ್ಮನ್ನು ತಾವು ‘ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರುಗಳ ಸಂಗ್ರಾಹಕ’ ಎಂದು ಕರೆದುಕೊಳ್ಳಲು ಶುರುಮಾಡಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಸಂಗ್ರಹದಲ್ಲಿ ಏನುಂಟು ಏನಿಲ್ಲ! ಒಂದು ಸ್ಟೀರಿಂಗ್ ಚಕ್ರ (ನಡುಮನೆಯ ಗೋಡೆಯ ಮೇಲೆ, ಮದುವೆಯ ಫೋಟೋ ಇದ್ದ ಮೊಳೆಗೆ), ಹೆಡ್‌ಲೈಟಿನ ಎರಡು ಗಾಜು, ಒಂದಕ್ಕೊಂದು ಜೋಡಿಯಲ್ಲದ ಮೂರು ವೀಲ್ ಕ್ಯಾಪು, ಒಂದು ಬಾಗಿಲ ಹಿಡಿಕೆ, ಅಂಗೈಯಲ್ಲಿ ಹಿಡಿಯುವಂಥ ಆಟಿಕೆ ಕಾರುಗಳು ನಲವತ್ತೊಂದು, ಎರಡು ಬೀರು ತುಂಬ ಪುಸ್ತಕ. ಇಲ್ಲದಿದ್ದುದು ಒಂದೇ, ಕಾರು.

“ಅಲ್ರೀ, ಬಾಗಿಲೇ ಇಲ್ದೆ ಹಿಡಿಕೆ ಇಟ್ಕೊಂಡು ಏನ್ ಮಾಡ್ತೀರಿ?” ಎಂದು ಹೆಂಡತಿ ಕೇಳಿದ್ದುಂಟು.

“ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ವೇನೇ” ಎಂದು ಡಾಕ್ಟರು ಗಂಭೀರವಾಗಿಯೇ ಉತ್ತರ ಕೊಟ್ಟಿದ್ದರು.

ಡಾಕ್ಟರ ದೊಡ್ಡ ಕೊರಗೆಂದರೆ ತಮ್ಮ ಜ್ಞಾನಭಂಡಾರಕ್ಕೆ ಮನೆಯಲ್ಲಿ ಗಿರಾಕಿಯೇ ಇಲ್ಲ ಎಂಬುದು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊಟವಾದ ಮೇಲೆ ಅದೇ ಮೇಜಿನ ಮೇಲೆ ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರೆ, ಡಾಕ್ಟರು ಎದುರು ಕೂತು ಪುಸ್ತಕದಿಂದ ಗಟ್ಟಿಯಾಗಿ ಓದುತ್ತಿದ್ದರು. “ಕೇಳಿಸ್ಕೊಂಡ್ಯಾ? ಇಂಜಿನ್ನು ಹಿಂದುಗಡೆ ಇರತ್ತೆ. ಅದಕ್ಕೆ ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಥಟ್ಟಂತ ಕಾಲು ತೆಗೀಬಾರದು. ತೆಗೆದ್ರೆ ಕಾರಿನ ಬೆನ್ನು ಮುಂದೆ ಬರತ್ತೆ.” ಹೆಂಡತಿ “ಹೂಂ” ಎನ್ನುವರು, ಯಾರದೋ ಲೆಕ್ಕಕ್ಕೆ ಸೊನ್ನೆ ಸುತ್ತುವರು. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು ಎಂದು ಡಾಕ್ಟರು ಕ್ಲಿನಿಕ್ಕಿನ ನರ್ಸಮ್ಮನ ಹತ್ತಿರ ಹೇಳಿಕೊಂಡಿದ್ದರು.

ಹೀಗಾಗಿ ಅವರ ನಿಜವಾದ ಶ್ರೋತೃವೃಂದವೆಂದರೆ ರೋಗಿಗಳೇ. ಆ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರು ಎದ್ದು ಹೋಗುವಂತಿಲ್ಲ, ಎದುರಾಡುವಂತೆಯೂ ಇಲ್ಲ. ಒಂದು ದಿನ ಹಡಗಿನ ನಿವೃತ್ತ ಇಂಜಿನಿಯರೊಬ್ಬರು ದವಡೆ ಹಲ್ಲಿನ ನೋವೆಂದು ಬಂದರು. ಡಾಕ್ಟರು ಡ್ರಿಲ್ ಹಿಡಿದುಕೊಂಡೇ, ಅರವತ್ತೊಂಬತ್ತನೇ ಇಸವಿಯ ಮಾಡೆಲ್ಲಿನ ಇಂಜಿನ್ನಿಗೆ ನೀರಿನ ಹಂಗಿಲ್ಲ, ಅದು ಗಾಳಿಯಿಂದಲೇ ತಣ್ಣಗಾಗುತ್ತದೆ ಎಂದು ವಿವರಿಸತೊಡಗಿದರು. ಇಂಜಿನಿಯರು “ಆ... ಆ...” ಎಂದು ಕೈಕಾಲು ಬಡಿದರು. ನೋವಿರಬೇಕೆಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅವರು ಮತ್ತೂ ಜೋರಾಗಿ “ಆ” ಎಂದರು. ಕೊನೆಗೆ ಪಾಪ, ಬಿಲ್ಲಿನ ಹಿಂದೆ ಬರೆದು ತೋರಿಸಿದರು: ‘ಆ ಕಾರು ನನ್ನ ಹತ್ತಿರ ಇದೆ.’

ಡಾಕ್ಟರ ಕೈಯಿಂದ ಡ್ರಿಲ್ ಜಾರಿತು.

ಬಾಯಿಯ ಜೋಮು ಬಿಟ್ಟ ಮೇಲೆ ಇಂಜಿನಿಯರು ವಿಷಯ ಬಿಚ್ಚಿದರು. “ನನ್ನ ಮೊಣಕಾಲು ಕ್ಲಚ್ ತುಳಿಯೋಕೆ ಒಪ್ತಿಲ್ಲ ಡಾಕ್ಟ್ರೇ. ಮಾರೋಣ ಅಂತಿದೀನಿ. ಐದು ಜನ ಬಂದು ನೋಡಿದ್ರು. ಒಬ್ಬ ಹೋಟೆಲ್ ಬಾಗಿಲಲ್ಲಿ ಶೋಕಿಗೆ ನಿಲ್ಲಿಸ್ತೀನಿ ಅಂದ, ಇನ್ನೊಬ್ಬ ಅದಕ್ಕೆ ಎಂಟು ಸ್ಪೀಕರ್ ಹಾಕಿಸ್ತೀನಿ ಅಂದ. ಎಲ್ಲರನ್ನೂ ವಾಪಸ್ ಕಳಿಸ್ದೆ. ಅದನ್ನ ಓಡಿಸೋಕೆ ಬರೋರಿಗೇ ಕೊಡೋದು. ಭಾನುವಾರ ಬನ್ನಿ. ಒಂದು ಸುತ್ತು ಓಡಿಸಿ ತೋರ್ಸಿ. ನನಗೆ ಸರಿ ಅನ್ನಿಸಿದ್ರೆ ಕಾರು ನಿಮ್ಮನೆಗೆ. ಇಲ್ದಿದ್ರೆ ಸೋಮವಾರ ಬೇರೆಯವರು ಬರ್ತಾರೆ.”

ಡಾಕ್ಟರಿಗೆ ಐವತ್ತಮೂರು. ಇಂಥ ಕಾರು ಜೀವಮಾನದಲ್ಲಿ ಇನ್ನೊಮ್ಮೆ ಕೈಗೆ ಸಿಗುವುದಿಲ್ಲವೆಂದು ಅವರಿಗೆ ಖಂಡಿತ ಗೊತ್ತಿತ್ತು. ಭಾನುವಾರದವರೆಗೆ ಅನ್ನ ಸೇರಲಿಲ್ಲ. ಹೊರಡುವಾಗ ಹೆಂಡತಿಯೂ ಚಪ್ಪಲಿ ಮೆಟ್ಟಿ ನಿಂತಿದ್ದರು.

“ನೀನ್ಯಾಕೆ? ನಿನಗೆ ಬೇಜಾರಾಗತ್ತೆ.”

“ಇಪ್ಪತ್ತೆರಡು ವರ್ಷ ಆಗಿದೆ. ಇನ್ನೊಂದು ಗಂಟೆ ಏನೂ ಆಗಲ್ಲ ನಡೀರಿ.”

ಶೆಡ್ಡಿನ ಬಾಗಿಲು ತೆರೆಯಿತು. ಒಳಗೆ ಕಿತ್ತಳೆ ಬಣ್ಣದ ಪುಟ್ಟ ಕಾರು, ಕಪ್ಪೆಯ ಹಾಗೆ ಕಣ್ಣರಳಿಸಿಕೊಂಡು ಕೂತಿತ್ತು. ಡಾಕ್ಟರ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. (ಧೂಳು ಎಂದು ಅವರು ಆಮೇಲೆ ವಾದಿಸಿದರು. ನೆಲ ಆಸ್ಪತ್ರೆಯ ನೆಲದಷ್ಟು ಚೊಕ್ಕಟವಾಗಿತ್ತು.)

ಮೊದಲು ಬಾಯಿಪರೀಕ್ಷೆ.

“ಇದರ ಆಯಿಲ್ ಎಷ್ಟಿದೆ ಅಂತ ಹೇಗೆ ನೋಡ್ತೀರಿ?”

“ಇಂಜಿನ್ ಬಿಸಿಯಾಗಿ ಓಡ್ತಾ ಇರೋವಾಗ, ಸಮತಟ್ಟು ಜಾಗದಲ್ಲಿ!”

“ಬೀಗದ ಕೈ?”

“ಸ್ಟೀರಿಂಗಿನ ಬಾಗಿಲ ಕಡೆ!”

“ಒಂದನೇ ಗೇರು?”

“ಎಡಕ್ಕೆ ಎಳೆದು ಕೆಳಕ್ಕೆ! ಬೇರೆ ಕಾರುಗಳಲ್ಲಿ ಒಂದನೇ ಗೇರು ಇರೋ ಜಾಗದಲ್ಲಿ, ಅಂದ್ರೆ ಎಡಕ್ಕೆ ಮೇಲಕ್ಕೆ, ಇದರಲ್ಲಿ ರಿವರ್ಸ್ ಇರತ್ತೆ!” ಡಾಕ್ಟರು ಹೆಂಡತಿಯತ್ತ ಹೆಮ್ಮೆಯಿಂದ ನೋಡಿದರು. ಹೆಂಡತಿ ಹೂಕುಂಡಗಳನ್ನು ನೋಡುತ್ತಿದ್ದರು.

ಇಂಜಿನಿಯರ ಮುಖ ಅರಳಿತು. ಕಾರನ್ನು ಮೆಲ್ಲಗೆ ಹೊರಗೆ ತಂದು, ಆ ಹೂಕುಂಡಗಳ ಸಾಲಿಗೆ ಬೆನ್ನು ಮಾಡಿ ನಿಲ್ಲಿಸಿ, ಕೈ ಹಿಡಿದು ಡಾಕ್ಟರನ್ನು ಕೂರಿಸಿದರು. ಡಾಕ್ಟರು ಬೀಗದ ಕೈ ತಿರುಗಿಸಿದರು. ಇಷ್ಟು ವರ್ಷ ಹಾಳೆಯ ಮೇಲೆ ಮಾತ್ರ ಓದಿದ್ದ ಆ ಸದ್ದು ಬೆನ್ನಿನ ಹಿಂದೆ ಎದ್ದಿತು. ಎಡಕ್ಕೆ, ಕೆಳಕ್ಕೆ, ಎಡಕ್ಕೆ, ಕೆಳಕ್ಕೆ ಎಂದು ಬಾಯಿ ಮಂತ್ರದಂತೆ ಗುನುಗುತ್ತಿದ್ದರೂ, ಮೂವತ್ತು ವರ್ಷ ಬೇರೆ ಕಾರು ಓಡಿಸಿದ ಅವರ ಕೈ ತನ್ನ ಪಾಡಿಗೆ ತಾನು ಗೇರನ್ನು ಎಡಕ್ಕೆ, ಮೇಲಕ್ಕೆ ತಳ್ಳಿತು. ಡಾಕ್ಟರು ರಣಧೀರನಂತೆ ಮುಂದೆ ದಿಟ್ಟಿಸಿ ಕ್ಲಚ್ ಬಿಟ್ಟರು.

ಕಾರು ಅಷ್ಟೇ ಶೌರ್ಯದಿಂದ ಹಿಂದಕ್ಕೆ ಹೋಯಿತು.

ಮೂರು ಹೂಕುಂಡ ಪುಡಿಯಾದವು. ಪುಣ್ಯಕ್ಕೆ ಕಾರಿಗೆ ಒಂದು ಗೀರೂ ಬೀಳಲಿಲ್ಲ. ಬಂಪರಿನ ಮೇಲೆ ಒಂದು ದಾಸವಾಳ ಮಾತ್ರ ಕೂತಿತ್ತು.

“ಡಾಕ್ಟ್ರೇ,” ಇಂಜಿನಿಯರು ಆ ದಾಸವಾಳ ಎತ್ತಿಕೊಂಡು ಕೇಳಿದರು, “ನೀವು ಇಂಥ ಕಾರು ಎಷ್ಟು ಸಲ ಓಡಿಸಿದೀರಿ?”

“ಓಡಿಸಿಲ್ಲ. ಓದಿದೀನಿ.”

ಇಂಜಿನಿಯರು ಬೀಗದ ಕೈಗೆಂದು ಕೈ ಚಾಚಿದರು. ಡಾಕ್ಟರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಗ ಹೆಂಡತಿ ಮುಂದೆ ಬಂದರು.

“ಸರ್, ಇವರದು ಉತ್ತರ ಸರಿ ಇದೆ, ಗಾಬರಿಗೆ ಬಿಡಿಸೋವಾಗ ತಪ್ಪಾಗಿದೆ. ಅರ್ಧ ಅಂಕ ಆದ್ರೂ ಕೊಡ್ಬೇಕು. ಒಂದೇ ಒಂದು ಸಲ ನಾನು ನೋಡ್ಲಾ? ರೀ, ಇಳೀರಿ ಸ್ವಲ್ಪ.”

“ಲೇ, ಇದು ನೀನು ದಿನಾ ಸ್ಕೂಲಿಗೆ ಓಡಿಸೋ ಕಾರಲ್ಲ ಕಣೇ!”

“ಗೊತ್ತು. ಅದು ನೀರಿನಲ್ಲಿ ತಣ್ಣಗಾಗತ್ತೆ, ಇದು ಗಾಳಿಯಲ್ಲಿ. ಇಳೀರಿ.”

ಹೆಂಡತಿ ಕೂತರು, ಕನ್ನಡಿ ಸರಿಮಾಡಿಕೊಂಡರು, ಗೇರನ್ನು ಎಡಕ್ಕೆ ಎಳೆದು ಕೆಳಕ್ಕೆ ಹಾಕಿದರು. ಇಂಜಿನಿಯರು ಪಕ್ಕದಲ್ಲಿ ಕೂತ ಕೂಡಲೇ ಕಾರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇಟು ದಾಟಿತು. ಡಾಕ್ಟರು ಮುರಿದ ಕುಂಡಗಳ ನಡುವೆ ನಿಂತು ಕಿವಿಗೊಟ್ಟರು. ಎರಡನೇ ಗೇರು. ಮೂರು. ದೂರದ ತಿರುವಿನಲ್ಲಿ ಇಂಜಿನ್ನಿನ ಸದ್ದು ಒಂದೇ ಸಮ ಇತ್ತು. ಕಾಲು ತೆಗೆಯಲಿಲ್ಲ! ಆ ‘ಹೂಂ’ಗಳೆಲ್ಲ ಬರಿಯ ಹೂಂಗಳಾಗಿರಲಿಲ್ಲ, ಅವಳು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಡಾಕ್ಟರಿಗೆ ಹೆಮ್ಮೆ ಉಕ್ಕಿತು. ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು, ಅದನ್ನು ಮುಚ್ಚಿಡುವುದೇಕೆ.

ಕಾರು ಮರಳಿದಾಗ ಇಂಜಿನಿಯರು ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. “ಎಲ್ಲಿ ಕಲಿತ್ರಿ ಅಮ್ಮಾ?”

“ಮನೇಲೇ. ಇವರು ದಿನಾ ಪಾಠ ಮಾಡ್ತಾರೆ.”

“ಹಾಗಾದ್ರೆ ಗುರುಗಳು ಗಟ್ಟಿಗರೇ ಬಿಡಿ,” ಎಂದು ಇಂಜಿನಿಯರು ನಕ್ಕು, ಕಾಗದಪತ್ರ ತಂದರು. “ಆದ್ರೆ ಕಾರು ಅಮ್ಮನ ಹೆಸರಿಗೆ. ಡಾಕ್ಟ್ರು ಓಡಿಸ್ಬಹುದು, ಅಮ್ಮ ಸೈ ಅಂದ ಮೇಲೆ.”

ಡಾಕ್ಟರು ಒಂದೇ ಕ್ಷಣ ಮುಖ ಹುಳಿ ಮಾಡಿದರು. ಮರುಕ್ಷಣವೇ ಒಪ್ಪಿದರು. ಯಾರ ಹೆಸರಿನಲ್ಲಾದರೇನು, ನಾಳೆ ಬೆಳಿಗ್ಗೆ ಎದ್ದಾಗ ಅದು ತಮ್ಮ ಮನೆಯ ಮುಂದೆ ನಿಂತಿರುತ್ತದಲ್ಲ! ದಿನಾ ಒರೆಸಬಹುದು. ಒಂದಲ್ಲ ಒಂದು ದಿನ ಓಡಿಸಲೂಬಹುದು. ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತಾಗ, ತಾವು ಇಷ್ಟು ಸುಖವಾಗಿ ಯಾವತ್ತೂ ಕೂತಿರಲಿಲ್ಲ ಎನ್ನಿಸಿತು.

ಮೊದಲ ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಕಣ್ಣರಳಿಸಿದ. “ಮೇಡಂ, ಯಾವ ವರ್ಷದ್ದು ಇದು?”

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಒಬ್ಬ ಮನುಷ್ಯ ತಾನಾಗಿ ಕೇಳುತ್ತಿದ್ದಾನೆ!

“ಅರವತ್ತೊಂಬತ್ತು,” ಎಂದರು ಹೆಂಡತಿ. “ಎರಡು ಲೀಟರ್, ಆರು ಸಿಲಿಂಡರ್, ಮೂರು ಮೂರು ಆಚೀಚೆ ಅಡ್ಡ ಮಲಗಿವೆ.”

“ಅಬ್ಬಾ! ಎಷ್ಟು ತಿಳ್ಕೊಂಡಿದೀರಿ ಮೇಡಂ!” ಅವನು ಬಗ್ಗಿ ಡಾಕ್ಟರತ್ತ ಇಣುಕಿದ. “ಸಾರ್‌ಗೂ ಇದರ ಹುಚ್ಚು ಇದೆಯಾ?”

ಹೆಂಡತಿ ಗೇರು ಹಾಕುತ್ತ, ಶಾಲೆಯಲ್ಲಿ ಮಕ್ಕಳ ತಂದೆತಾಯಿಗೆ ಹೇಳುವ ದನಿಯಲ್ಲೇ ಹೇಳಿದರು:

“ಆಸಕ್ತಿ ಚೆನ್ನಾಗಿದೆ. ಈಗಷ್ಟೇ ಸೇರಿದಾರೆ, ಕಲೀತಾರೆ.”