ಕರೆಂಟ್ ಹೋದಾಗ ತೆರೆದ ಕಪಾಟು

ಶಾಲೆಯಲ್ಲಿ ನಗು ತರುವ ಸಂಗತಿಗಳು ಹುಡುಕಿದರೆ ಸಿಗುವುದಿಲ್ಲ. ನಾವು ಮುಖ ಬಿಗಿದುಕೊಂಡು ಏನೋ ಒಳ್ಳೆಯದು ಮಾಡಲು ಹೊರಟಾಗಲೇ ಅವು ತಾವಾಗಿ ಎದುರು ಬಂದು ನಿಲ್ಲುತ್ತವೆ. ನನಗಂತೂ ಆ ವರ್ಷ ನಗುವ ಪುರುಸೊತ್ತೇ ಇರಲಿಲ್ಲ.

೧. ಇಲಿಗಳ ನ್ಯಾಯ

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನಗೆ ವರ್ಗವಾಗಿತ್ತು. ಪಾಠದ ಜೊತೆಗೆ ಗ್ರಂಥಾಲಯದ ಹೊಣೆ. ಗ್ರಂಥಾಲಯವೆಂದರೆ ಒಂದು ಸಣ್ಣ ಖೋಲಿ, ಅದರಲ್ಲೊಂದು ಕಬ್ಬಿಣದ ಕಪಾಟು. ಪುಸ್ತಕ ಕಳೆದರೆ ತಮ್ಮ ಪಗಾರದಲ್ಲಿ ಹಿಡಿಯುತ್ತಾರೆಂಬ ಹೆದರಿಕೆಗೆ ಹಿಂದಿನ ಮಾಸ್ತರರು ಕಪಾಟು ತೆರೆದೇ ಇರಲಿಲ್ಲ. ಕೀಲಿ ಕೊಡುವಾಗ ಅಭಿಮಾನದಿಂದ ಹೇಳಿದರು: "ನನ್ನ ಕಾಲದಾಗ ಒಂದ ಹಾಳಿನೂ ಮಡಚಿಲ್ರಿ ಅಕ್ಕೋರ."

ನಾನು ಕಪಾಟು ತೆರೆದಿಟ್ಟೆ. ಮಕ್ಕಳು ಬಾಗಿಲವರೆಗೆ ಬಂದು, ಇಣುಕಿ, ಓಡಿಹೋದರು. ಪುಸ್ತಕ ಮುಟ್ಟಿದರೆ ಏಟು ಬೀಳುತ್ತದೆಂದೇ ಅವರು ಕಲಿತದ್ದು.

ಅದೇ ವರ್ಷ ಬಿಸಿಯೂಟ ಸುರುವಾಗಿ ಅಕ್ಕಿ ಚೀಲಗಳು ಬಂದವು. ಇಡಲು ಜಾಗವಿಲ್ಲದೆ ಹೆಡ್‌ಮಾಸ್ತರರು ಅವನ್ನು ತಮ್ಮ ಖೋಲಿಯಲ್ಲೇ ಒಟ್ಟಿಸಿಕೊಂಡು, ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ದಿನ ನನ್ನನ್ನು ಕರೆಸಿದರು.

"ಅಕ್ಕೋರ, ನಿಮ್ಮ ಖೋಲಿಗೆ ಓದಾಕ ಹುಡುಗ್ರು ಬರವಲ್ರು. ನನ್ನ ಖೋಲಿಗೆ ಅಕ್ಕಿ ತಿನ್ನಾಕ ಇಲಿ ಬರಾಕತ್ತಾವ. ದೀಪಾವಳಿ ಸೂಟಿ ಮುಗದ ಮ್ಯಾಲ ಹುಕ್ಕೇರಿಯಿಂದ ಸಾಹೇಬ್ರು ಸಾಲಿ ನೋಡಾಕ ಬರ್ತಾರ. ಅಷ್ಟರಾಗ ಹುಡುಗ್ರು ಓದಾಕ ಹತ್ತಿದ್ರ ಸರಿ, ಇಲ್ಲಂದ್ರ ಅಲ್ಲಿ ಅಕ್ಕಿ ಇಡೂದು."

"ಅದು ಗ್ರಂಥಾಲಯ ಐತ್ರಿ ಸರ್" ಎಂದೆ.

"ಇಲಿನರೆ ದಿನಾ ತಪ್ಪದ ಬರ್ತಾವ್ರಿ" ಎಂದರು.

೨. ರಾಣಿಯ ಸಾರು

ನನಗೆ ಮದುವೆಯಲ್ಲಿ ಬಂದ ಟೇಪ್ ರಿಕಾರ್ಡರ್ ಇತ್ತು. ಪುಸ್ತಕಕ್ಕೆ ಹೆದರುವ ಮಕ್ಕಳು ಹಾಡುವ ಪೆಟ್ಟಿಗೆಗೆ ಹೆದರಲಾರರು ಅನಿಸಿತು. ಗೋಕಾಕದ ಬಜಾರದಿಂದ ಖಾಲಿ ಕ್ಯಾಸೆಟ್ ತಂದು, ಕೊಣ್ಣೂರಿನ ನಮ್ಮ ಮನೆಯಲ್ಲಿ ಕೂತು, ಕಪಾಟಿನ ಪುಸ್ತಕಗಳಿಂದ ಕತೆ ಓದಿ ತುಂಬಿದೆ.

ಶಾಲೆಯಲ್ಲಿ ಹಚ್ಚಿದಾಗ ಖೋಲಿ ತುಂಬಿತು. ಕತೆಯಲ್ಲಿ ರಾಜ ಯುದ್ಧಕ್ಕೆ ಹೊರಟ, ರಾಣಿ ಕಣ್ಣೀರು ಹಾಕಿದಳು. ಅಷ್ಟರಲ್ಲಿ ಟೇಪಿನಿಂದ ಕುಕ್ಕರಿನ ಸೀಟಿ ಕೇಳಿತು. ಹಿಂದೆಯೇ ನಮ್ಮ ಅತ್ತೆಯ ದನಿ: "ಸಾರಿಗೆ ಉಪ್ಪ ಹಾಕೀಯೇನ?"

ಮಕ್ಕಳು ಅದನ್ನೂ ಕತೆಯೆಂದೇ ನಂಬಿದರು. ಮುಂದಿನ ಕ್ಯಾಸೆಟ್ಟನ್ನು ನಾನು ಬಾಗಿಲು ಹಾಕಿಕೊಂಡು ತುಂಬಿದರೆ ತಕರಾರು ಬಂತು: "ಅಕ್ಕೋರ, ಸಾರಿನ ಅಜ್ಜಿ ಎಲ್ಲಿ ಹೋದ್ಲರಿ?"

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. "ಸಾಲ್ಯಾಗ ಕೇಳಸೂದಿತ್ತಂದ್ರ ಮದಲ ಹೇಳಬಾರ್ದೇನ? ಬಾಯಾಗ ಎಲಿ ಅಡಿಕಿ ಇತ್ತಲ್ಲ!"

೩. ಲೈನ್‌ಮನ್‌ಗೆ ಬಂದ ಸಂಶಯ

ಖೋಲಿಯೇನೋ ತುಂಬಿತು, ಕಪಾಟಿನತ್ತ ಮಾತ್ರ ಯಾರೂ ಹೊರಳಲಿಲ್ಲ. ಒಂದು ಮಧ್ಯಾಹ್ನ ಕತೆಯಲ್ಲಿ ಹುಲಿ ಇನ್ನೇನು ಜಿಗಿಯಬೇಕು, ಕರೆಂಟ್ ಹೋಯಿತು. ಮಕ್ಕಳು "ಹೋ" ಎಂದರು. ಕುರುಬರ ಮನೆಯ ಒಬ್ಬ ಹುಡುಗಿ, ಮೂರನೆಯ ಇಯತ್ತೆಯವಳು, ನನ್ನ ಸೆರಗು ಜಗ್ಗಿದಳು.

"ಆ ಹುಲಿ ಕಪಾಟಿನ್ಯಾಗ ಐತೇನ್ರಿ?"

ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿನಲ್ಲಿ ಅವಳು ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದಳು. ಉಳಿದವರು ಮೇಲೆ ಬಿದ್ದು ಕೇಳಿದರು.

ಮರುದಿನ ನಾನೇ ಕತೆಯ ನಡುವೆ ಟೇಪ್ ಬಂದ್ ಮಾಡಿ ನೋಡಿದೆ. ಮಕ್ಕಳು ನನ್ನ ಮೇಲೆ ಸಿಟ್ಟಾಗಿ ಎದ್ದು ಹೋದರು. ಕರೆಂಟಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಅದು ಹೋಗುವುದು ರೂಢಿ. ಹಾಗಾಗಿ ಊರ ಲೈನ್‌ಮನ್ ಸಿಕ್ಕಾಗ, ಕರೆಂಟ್ ಹೋಗುವ ಹೊತ್ತು ನೋಡಿ ಕತೆ ಹಚ್ಚೋಣವೆಂದು, ದಿನಾ ಎಷ್ಟು ಹೊತ್ತಿಗೆ ತೆಗೆಯುತ್ತೀರೆಂದು ವಿಚಾರಿಸಿದೆ. ಅವನು ಸೈಕಲ್ಲಿನಿಂದ ಇಳಿದೇ ಬಿಟ್ಟ.

"ಯಾವಾಗ ಕೊಡ್ತಿ ಅಂತ ಎಲ್ಲಾರೂ ಕೇಳ್ತಾರ್ರಿ. ಯಾವಾಗ ತಗೀತಿ ಅಂತ ಕೇಳಿದವ್ರು ನೀವೊಬ್ರ. ಮೈಯಾಗ ಆರಾಮ ಐತಿಲ್ರಿ?"

೪. ಸಾಹುಕಾರರ ಪುಣ್ಯ

ಕರೆಂಟ್ ಹೋದಾಗ ಮಕ್ಕಳು ಕೂಗುವುದು ಬೀದಿಗೂ ಕೇಳುತ್ತಿತ್ತು. ಮೂಡಲಗಿಯಲ್ಲಿ ಅಂಗಡಿ ಇದ್ದ ಆ ಊರಿನ ಜೈನ ಸಾಹುಕಾರರು ಅದನ್ನು ಕೇಳಿ ಮರುಗಿದರು. ಒಂದು ಪೆಟ್ಟಿಗೆ ತುಂಬ ಸೆಲ್ಲು ತಂದು ಟೇಪಿಗೆಂದು ದಾನ ಕೊಟ್ಟರು. ಹೆಡ್‌ಮಾಸ್ತರರು ಶಾಲು ಹೊದಿಸಿ ಸತ್ಕಾರ ಮಾಡಿದರು. ಚಪ್ಪಾಳೆ ಹೊಡೆಯುವವರಲ್ಲಿ ನಾನೂ ಇದ್ದೆ, ಮನಸ್ಸಿಲ್ಲದೆ.

ಅಂದಿನಿಂದ ಕರೆಂಟ್ ಹೋದರೂ ಕತೆ ನಿಲ್ಲಲಿಲ್ಲ. ಕಪಾಟಿನ ಹತ್ತಿರ ಮತ್ತೆ ಯಾರೂ ಸುಳಿಯಲಿಲ್ಲ. ಸಾಹುಕಾರರು ದಾರಿಯಲ್ಲಿ ಸಿಕ್ಕು ಕೇಳಿದರು: "ಹುಡುಗ್ರಿಗೆ ಅನುಕೂಲ ಆತೇನ್ರಿ ಅಕ್ಕೋರ?"

"ಭಾಳ ಅನುಕೂಲ ಆತ್ರಿ ಕಾಕಾ. ಈಗ ಓದೂ ತ್ರಾಸ ಇಲ್ಲ ನೋಡ್ರಿ."

ಅವರು ಕಣ್ಣು ಮುಚ್ಚಿ ಕೈ ಮುಗಿದರು. "ಎಲ್ಲಾ ದೇವರ ಕೃಪಾರಿ."

೫. ಪಾಳಿ

ಸಾಹೇಬರು ಬರುವ ದಿನ ಹೆಡ್‌ಮಾಸ್ತರರು ಎರಡು ಅಕ್ಕಿ ಚೀಲಗಳನ್ನು ಆಗಲೇ ಗ್ರಂಥಾಲಯದ ಬಾಗಿಲಿಗೆ ತಂದಿಡಿಸಿದ್ದರು. ಸಾಹೇಬರ ಮರ್ಯಾದೆಗೆಂದು ಕರೆಂಟೂ ಇತ್ತು, ಟೇಪಿನಲ್ಲಿ ಹೊಸ ಸೆಲ್ಲೂ ಇದ್ದವು. ಈ ಖೋಲಿ ಹೋದರೆ ಆ ಪುಸ್ತಕಗಳಿಗೆ ಮತ್ತೆ ಕೀಲಿ ಬೀಳುವುದು ಖಾತ್ರಿ.

ಸಾಹೇಬರು ಬಂದು ಕೂತ ಮೇಲೆ, ರಾಜನ ಆನೆಯ ಗಂಟೆ ಕಳುವಾದ ಹೊಸ ಕತೆ ಹಚ್ಚಿದೆ. ಮಕ್ಕಳು ಕೈ ಕಟ್ಟಿ ಕೂತರು. ಸಾಹೇಬರು ಕುರ್ಚಿಯ ತುದಿಗೆ ಬಂದು ಕೇಳತೊಡಗಿದರು. ಮಂತ್ರಿ ಎದ್ದು ನಿಂತು "ಕಳ್ಳ ಇದೇ ಸಭೆಯಲ್ಲಿದ್ದಾನೆ" ಎಂದ. ಅಷ್ಟಕ್ಕೆ ನನ್ನ ದನಿ ಎಮ್ಮೆಯ ದನಿಯಾಗಿ ಎಳೆದು ನಿಂತುಬಿಟ್ಟಿತು. ರೀಲು ಸಿಕ್ಕಿಕೊಂಡಿತ್ತು. ಹೆಡ್‌ಮಾಸ್ತರರು ಗಾಬರಿಯಿಂದ ಕ್ಯಾಸೆಟ್ ಎಳೆದರು. ರೀಲು ಬಂತು, ಬರುತ್ತಲೇ ಇತ್ತು, ಅವರ ಕೈಗೂ ಕೊರಳಿಗೂ ಸುತ್ತಿಕೊಂಡಿತು.

ಆ ಕುರುಬರ ಹುಡುಗಿ ಸ್ವಲ್ಪ ಹೊತ್ತು ನೋಡಿ, ಎದ್ದು, ಕಪಾಟಿನಿಂದ ಆ ಕತೆಯ ಪುಸ್ತಕ ತಂದಳು. ತಾವೇ ಓದಬೇಕೆಂಬ ಹಟಕ್ಕೆ ಬಿದ್ದು ಮಕ್ಕಳು ಸಾಲಾಗಿ ಕೂತು ಪಾಳಿ ಹಚ್ಚಿದರು. ತಡೆಯಲಾರದವರು ಬೇರೆ ಪುಸ್ತಕ ಎತ್ತಿಕೊಂಡರು. ಸಾಹೇಬರು ಬಗ್ಗಿ ಪುಸ್ತಕಕ್ಕೆ ಕೈ ಚಾಚಿದರು. "ಕಳ್ಳ ಯಾರವ್ವಾ? ನೋಡೂಣು ಕೊಡು."

ಹುಡುಗಿ ತಲೆ ಎತ್ತಲಿಲ್ಲ. "ಪಾಳಿ ಐತ್ರಿ. ಹಿಂದ ಕುಂಡರ್ರಿ."

ಹೆಡ್‌ಮಾಸ್ತರರ ಮುಖದ ಬಣ್ಣ ಹೋಯಿತು. ಸಾಹೇಬರು ಹೋಗಿ ಪಾಳಿಯ ತುದಿಗೆ ಕೂತರು. ಅವರ ಸರತಿ ಬರುವ ಮೊದಲೇ ಡ್ರೈವರ್ ಜೀಪಿನ ಹಾರ್ನ್ ಬಾರಿಸಿದ. ಸಾಹೇಬರು ಎದ್ದು ಪ್ಯಾಂಟಿನ ಧೂಳು ಝಾಡಿಸಿಕೊಂಡರು.

"ಮಾಸ್ತರ, ಅಕ್ಕಿ ಬ್ಯಾರೆ ಕಡೆ ಇಡ್ರಿ. ಈ ಖೋಲಿ ಹಿಂಗ ಇರ್ಲಿ."

ಸಾಹೇಬರು ಜೀಪಿನಲ್ಲಿ ಒಂದು ಕಾಲಿಟ್ಟು ತಿರುಗಿ, ದನಿ ತಗ್ಗಿಸಿ ಕೇಳಿದರು: "ಅಕ್ಕೋರ, ಆ ಕಳ್ಳ ಯಾರಂತ ಅಷ್ಟ ಹೇಳಿಬಿಡ್ರಿ."

ಗ್ರಂಥಾಲಯದ ಕಿಟಕಿಯಿಂದ ಎಲ್ಲ ಮಕ್ಕಳೂ ಒಟ್ಟಿಗೆ ಚೀರಿದರು:

"ಹೇಳಬ್ಯಾಡ್ರಿ ಅಕ್ಕೋರ! ಬಂದು ಓದ್ಲಿ!"