ತಂದೆಯ ಮಣಿಕಟ್ಟು ಹಿಡಿದ ಮೊಬೈಲ್ ಆಟದ ಕುರಿತು

ಸದ್ವರ್ತನಾ ವಿಭಾಗ
(ಅಹಮದಾಬಾದ್, ವಡೋದರ ಮತ್ತು ಸೂರತ್ ನಗರಗಳ ಕನ್ನಡ ಕುಟುಂಬಗಳಿಗಾಗಿ)
ಕಚೇರಿ: ಸಂಚಾಲಕರ ಮನೆಯ ಊಟದ ಮೇಜು, ವಸ್ತ್ರಾಪುರ, ಅಹಮದಾಬಾದ್

ಸಂಖ್ಯೆ: ಸವಿ/ಹಿಂಸೆ/ಮೊಬೈಲ್ ಮಾತ್ರ/ಮನೆ ಹೊರತುಪಡಿಸಿ/೦೭

ಸುತ್ತೋಲೆ

ವಿಷಯ: ಗುಂಡು ಹಾರಿಸುವ ಮೊಬೈಲ್ ಆಟಗಳಿಂದ ಆಟಗಾರರಲ್ಲಿ ಹಿಂಸೆಯ ಬಗ್ಗೆ ಬೆಳೆಯುತ್ತಿರುವ ತಪ್ಪು ಧೋರಣೆಯನ್ನು ತಡೆಗಟ್ಟುವ ಕುರಿತು.

ಉಲ್ಲೇಖ: (ಅ) ವಿಭಾಗದ ಸಂಚಾಲಕರಾದ ಶ್ರೀ ಮಲ್ಲಿಕಾರ್ಜುನ ಅವರು ವಿಭಾಗದ ಸಂಚಾಲಕರಿಗೆ ಸಲ್ಲಿಸಿದ ದೂರು.
(ಆ) ಸದರಿ ದೂರನ್ನು ಓದಿ, ಇದರಲ್ಲಿ ಹುರುಳಿದೆ ಎಂದು ಸಂಚಾಲಕರು ಬರೆದ ಷರಾ.

ಪೀಠಿಕೆ

ಕಳೆದ ಭಾನುವಾರ ಬೆಳಿಗ್ಗೆ ಸಂಚಾಲಕರ ಧರ್ಮಪತ್ನಿ ಶ್ರೀಮತಿ ರಮಾಮಣಿ ಅವರು ಅಡುಗೆಮನೆಯ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಅವರು ಯಾರೊಂದಿಗೂ ಮಾತನಾಡುತ್ತಿರಲಿಲ್ಲ, ಅವರೊಂದಿಗೂ ಯಾರೂ ಮಾತನಾಡುತ್ತಿರಲಿಲ್ಲ. ಇಂತಹ ಸ್ಥಿತಿಯನ್ನು ವಿಭಾಗದ ದಾಖಲೆಗಳಲ್ಲಿ ‘ಶಾಂತಿ’ ಎಂದು ನಮೂದಿಸುವ ಪದ್ಧತಿ ಇದೆ.

ಅದೇ ವೇಳೆಯಲ್ಲಿ ಸಂಚಾಲಕರು ನಡುಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವರ ಏಕೈಕ ಪುತ್ರಿ, ಕಾಲೇಜಿನ ಮೊದಲ ವರ್ಷದಲ್ಲಿರುವ ಕುಮಾರಿ ಸಂಹಿತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಗುಂಡಿನ ಆಟ ಆಡುತ್ತಿದ್ದರು. ಚಹಾ ಬರುವುದು ತಡವಾಯಿತು. ನಮ್ಮ ಕಡೆಯ ವಿಕೆಟ್ ಒಂದು ಬಿತ್ತು. ಈ ಎರಡರಲ್ಲಿ ಯಾವುದು ಕಾರಣ ಎಂಬುದು ಖಚಿತವಾಗಿಲ್ಲ. ಸಂಚಾಲಕರು ಅಡುಗೆಮನೆಗೆ ತೆರಳಿ ಪತ್ನಿಯ ಮೇಲೆ ಕೈ ಎತ್ತಿದರು. ಇದು ಮೊದಲ ಸಲವಲ್ಲವಾದ್ದರಿಂದ ಇದನ್ನು ಘಟನೆ ಎಂದು ಪರಿಗಣಿಸಿರುವುದಿಲ್ಲ.

ಘಟನೆ ನಡೆದದ್ದು ಆಮೇಲೆ. ಕುಮಾರಿ ಸಂಹಿತಾ ಎದ್ದು ಬಂದು, ಎತ್ತಿದ ಕೈಯ ಮಣಿಕಟ್ಟನ್ನು ಹಿಡಿದುಕೊಂಡು, “ಪಪ್ಪಾ, ಬಸ್, ಸಾಕು. ಕೈ ಕೆಳಗೆ ಮಾಡಿ” ಎಂದಿದ್ದಾರೆ. ಕೂಗಿಲ್ಲ. ಹೊಡೆದಿಲ್ಲ. ಕೈ ಕೆಳಗೆ ಬರುವವರೆಗೂ ಬಿಟ್ಟಿಲ್ಲ. ಅಷ್ಟರಲ್ಲಿ ಚಹಾ ಉಕ್ಕಿ ಒಲೆ ಆರಿದೆ.

ಮನೆಯಲ್ಲಿ ನಡೆದ ಈ ಭೀಕರ ಹಿಂಸೆಯನ್ನು ಗಂಭೀರವಾಗಿ ಪರಿಗಣಿಸಿ, ಕೆಳಕಂಡಂತೆ ಆದೇಶಿಸಲಾಗಿದೆ.

೧. ವ್ಯಾಖ್ಯೆ. ಈ ಸುತ್ತೋಲೆಯ ಉದ್ದೇಶಕ್ಕಾಗಿ ‘ಹಿಂಸೆ’ ಎಂದರೆ ಮೊಬೈಲ್ ಪರದೆಯ ಮೇಲೆ ನಡೆಯುವುದು, ಅಥವಾ ಆ ಪರದೆಯನ್ನು ನೋಡಿದವರು ಎದ್ದು ಬಂದು ಮಾಡುವುದು. ಮನೆಯ ಯಜಮಾನರ ಕೈಯಿಂದ ನಡೆಯುವುದನ್ನು ‘ಬುದ್ಧಿ ಹೇಳುವುದು’ ಎಂದು ಓದಿಕೊಳ್ಳತಕ್ಕದ್ದು. ಬುದ್ಧಿ ಹೇಳಿದ ಗುರುತು ತೋಳಿನ ಮೇಲೆ ಉಳಿದಲ್ಲಿ, ಅಹಮದಾಬಾದಿನ ಮೇ ತಿಂಗಳಾಗಿದ್ದರೂ ಸರಿ, ತುಂಬು ತೋಳಿನ ರವಿಕೆ ತೊಡತಕ್ಕದ್ದು. ಎದುರು ಮನೆಯ ನಳಿನಿಬೆನ್ ಕೇಳಿದರೆ “ಬಾಗಿಲು ತಾಗಿತು” ಎಂಬ ಅಧಿಕೃತ ಉತ್ತರವನ್ನೇ ನೀಡತಕ್ಕದ್ದು. ಸದರಿ ಬಾಗಿಲು ಕಳೆದ ಯುಗಾದಿಯಿಂದ ಈಚೆಗೆ ಪದೇ ಪದೇ ತಾಗುತ್ತಿರುವುದು ಗಮನಕ್ಕೆ ಬಂದಿದ್ದು, ಅದಕ್ಕೆ ನೋಟಿಸು ಜಾರಿ ಮಾಡುವ ವಿಷಯ ಪರಿಶೀಲನೆಯಲ್ಲಿದೆ.

೨. ತಜ್ಞರ ಅಭಿಪ್ರಾಯ. ಇಂತಹ ಆಟಗಳು ಮನಸ್ಸನ್ನು ಕೆಡಿಸುತ್ತವೆ ಎನ್ನುವ ಲೇಖನಗಳನ್ನೂ, ಹಾಗೇನೂ ಇಲ್ಲ ಎನ್ನುವ ಲೇಖನಗಳನ್ನೂ ತರಿಸಿಕೊಂಡು, ಅಡುಗೆಮನೆಯ ತಕ್ಕಡಿಯಲ್ಲಿ ಎದುರುಬದುರು ಇಟ್ಟು ತೂಗಲಾಗಿದೆ. ಕೆಡಿಸುತ್ತವೆ ಎನ್ನುವವು ದಪ್ಪ ಕಾಗದದ ಮೇಲೆ ಇದ್ದುದರಿಂದ ಹೆಚ್ಚು ತೂಗಿವೆ. ಆ ಪ್ರಕಾರ ವಿಷಯವು ಇತ್ಯರ್ಥವಾಗಿದೆ.

೩. ಸಂಚಾಲಕರು ಸದರಿ ಭಾನುವಾರದವರೆಗೆ ಮೊಬೈಲಿನಲ್ಲಿ ಯಾವ ಆಟವನ್ನೂ ಆಡಿದವರಲ್ಲ. ಆದ್ದರಿಂದ ಅವರ ಕೈ ಎದ್ದದ್ದು ಹಿಂಸೆಯಿಂದಲ್ಲ ಎಂಬುದು ತಾನಾಗಿಯೇ ಸಿದ್ಧವಾಗುತ್ತದೆ. ಇದನ್ನು ಕುರಿತು ವಡೋದರ ಶಾಖೆಯ ಶ್ರೀ ಸಿದ್ದಲಿಂಗಪ್ಪ (ಕೊಯಾಲಿ ಟೌನ್‌ಶಿಪ್) ಅವರು ಸಭೆಯಲ್ಲಿ, “ಅಲ್ರೀ ಮಲ್ಲಿಕಾರ್ಜುನ, ಆಟ ಆಡಿದಾಕಿ ಕೈ ಇಳಿಸಿದಳು, ಆಡದ ನೀವು ಎತ್ತಿದ್ರಿ. ಹಂಗಾದ್ರ ನೀವೂ ಸ್ವಲ್ಪ ಆಡಬೇಕಿತ್ತೇನು?” ಎಂದು ಕೇಳಿರುತ್ತಾರೆ. ಅಷ್ಟರಲ್ಲಿ ತಿಂಡಿಗೆ ಫಾಫ್ಡಾ ಜಲೇಬಿ ಬಂದುದರಿಂದ ಪ್ರಶ್ನೆಯನ್ನು ಅವರೇ ಹಿಂಪಡೆದಿದ್ದಾರೆ.

೪. ಆರೋಪಿಯ ಹೇಳಿಕೆ. ಆಟವಾಡುವಾಗ ಏನನ್ನಿಸುತ್ತದೆ ಎಂಬ ಶ್ರೀ ಸಿದ್ದಲಿಂಗಪ್ಪ ಅವರ ಪ್ರಶ್ನೆಗೆ ಕುಮಾರಿ ಸಂಹಿತಾ “ಹಸಿವಾಗ್ತದೆ” ಎಂದು ಉತ್ತರಿಸಿದ್ದಾರೆ. ಯಾರನ್ನಾದರೂ ನಿಜವಾಗಿ ಹೊಡೆಯಬೇಕು ಅನ್ನಿಸುತ್ತದೆಯೇ ಎಂದದ್ದಕ್ಕೆ, “ಅಂಕಲ್, ಗೇಮಲ್ಲಿ ಸತ್ತವರು ನೆಕ್ಸ್ಟ್ ಮ್ಯಾಚಿಗೆ ಬರ್ತಾರೆ. ಮನೇಲಿ ಹಾಗೆ ಇಲ್ಲ ಅಂತ ನನಗೆ ಗೊತ್ತು” ಎಂದಿದ್ದಾರೆ. ಹಾಗಾದರೆ ಆಟದಿಂದ ಕಲಿತದ್ದೇನು ಎಂದದ್ದಕ್ಕೆ, “ನಮ್ಮ ಟೀಮಿನವರು ಬಿದ್ದರೆ ಹತ್ತಿರ ಹೋಗಿ ಎಬ್ಬಿಸಬೇಕು. ಬಿಟ್ಟು ಓಡಿದರೆ ಎಲ್ಲರೂ ಬಯ್ತಾರೆ” ಎಂದಿದ್ದಾರೆ. ಬಿದ್ದವರನ್ನು ಕಂಡರೆ ಹತ್ತಿರ ಹೋಗುವ ಈ ಚಾಳಿ ಆಟದಿಂದಲೇ ಅಂಟಿದ್ದು ಎಂದು ಆರೋಪಿಯೇ ಒಪ್ಪಿಕೊಂಡಂತಾಗಿದೆ. ಹಿಂದೆ, ಅಂದರೆ ಮೊಬೈಲ್ ಕೊಡಿಸುವ ಮುನ್ನ, ಇಂತಹ ಸಂದರ್ಭಗಳಲ್ಲಿ ಸದರಿಯವರು ತಮ್ಮ ಕೋಣೆಯಲ್ಲಿ ದಿಂಬಿನ ಕೆಳಗೆ ತಲೆ ಇಟ್ಟುಕೊಂಡು ಸಭ್ಯವಾಗಿ ಮಲಗುತ್ತಿದ್ದರು ಎಂದು ಸಂಚಾಲಕರು ನೋವಿನಿಂದ ಸ್ಮರಿಸಿದ್ದಾರೆ.

೫. ಸ್ಥಳ ಪರಿಶೀಲನೆ. ಆಟದ ಸ್ವರೂಪವನ್ನು ಖುದ್ದು ಅರಿಯುವ ಸಲುವಾಗಿ ಸಂಚಾಲಕರು, ಶ್ರೀ ಸಿದ್ದಲಿಂಗಪ್ಪ ಹಾಗೂ ಸೂರತ್ ಶಾಖೆಯ ಶ್ರೀ ತಿಮ್ಮಪ್ಪ ಅವರನ್ನೊಳಗೊಂಡ ತಂಡವು ಆರೋಪಿಯ ಸಹಾಯ ಪಡೆದು ಆಟದೊಳಗೆ ಪ್ರವೇಶಿಸಿತು. ಆಟದಲ್ಲಿ ಎಲ್ಲರೂ ಮೊದಲು ವಿಮಾನದಲ್ಲಿ ಹೋಗಿ, ಒಂದು ದ್ವೀಪದ ಮೇಲೆ ಧುಮುಕಬೇಕಾಗುತ್ತದೆ. ಮೊದಲು ಯಾರು ಧುಮುಕಬೇಕು ಎಂಬ ವಿಷಯ ಚರ್ಚೆಗೆ ಬಂತು. ವಯಸ್ಸಿನಲ್ಲಿ ಶ್ರೀ ಸಿದ್ದಲಿಂಗಪ್ಪ ಹಿರಿಯರು, ಹುದ್ದೆಯಲ್ಲಿ ಸಂಚಾಲಕರು ಹಿರಿಯರು, ವಿಭಾಗದ ಸದಸ್ಯತ್ವದಲ್ಲಿ ಶ್ರೀ ತಿಮ್ಮಪ್ಪ ಹಿರಿಯರು. “ಮೊದಲು ನೀವು”, “ಛೆ ಛೆ, ನಿಮ್ಮ ಮುಂದೆ ನಾನೇ”, “ಹಂಗಂದ್ರ ಹೆಂಗ್ರಿ, ನೀವೇ ನಡೀರಿ” ಎಂದು ಸೌಹಾರ್ದಯುತವಾಗಿ ಚರ್ಚೆ ನಡೆಯುತ್ತಿರುವಾಗಲೇ ವಿಮಾನವು ದ್ವೀಪವನ್ನು ದಾಟಿ, ತಂಡವನ್ನು ಸಮುದ್ರಕ್ಕೆ ಹಾಕಿತು.

ಈಜಿ ದಡ ಸೇರಿದ ಮೇಲೆ ಶ್ರೀ ತಿಮ್ಮಪ್ಪ ಅವರು ಗುಂಡು ತಗುಲಿ ಬಿದ್ದರು. ಹಾರಿಸಿದವರು ಸಂಚಾಲಕರು. ಎದುರಿಗಿರುವವರು ತಮ್ಮವರು ಎಂದು ತಿಳಿಯಲಿಲ್ಲವೆಂದು ಅವರು ವಿವರಣೆ ನೀಡಿದ್ದಾರೆ. ಸಂಚಾಲಕರಿಗೆ ಈ ವಿಷಯ ಮನೆಯಲ್ಲೂ ಕೆಲವೊಮ್ಮೆ ತಿಳಿಯದಿರುವುದರಿಂದ ವಿವರಣೆಯನ್ನು ಅಂಗೀಕರಿಸಲಾಗಿದೆ. ಶ್ರೀ ಸಿದ್ದಲಿಂಗಪ್ಪ ಅವರು ಪೊದೆಯ ಹಿಂದೆ ಕುಳಿತು, “ನಾ ನೋಡಿಲ್ಲಪಾ, ನಾ ಏನೂ ನೋಡಿಲ್ಲ” ಎನ್ನುತ್ತಿದ್ದರು. ಬಿದ್ದ ಶ್ರೀ ತಿಮ್ಮಪ್ಪ ಅವರನ್ನು ಎಬ್ಬಿಸಿದ್ದು ಆರೋಪಿ. ಹಾಗೆ ಎಬ್ಬಿಸುವಾಗಲೂ ಅವರ ಮುಖದಲ್ಲಿ ಯಾವ ಪಶ್ಚಾತ್ತಾಪವೂ ಕಾಣಲಿಲ್ಲ. ಕೊನೆಗೆ ಸೋತಾಗ ಸಂಚಾಲಕರು ಮೊಬೈಲನ್ನು ಗೋಡೆಗೆ ಎಸೆದರು. ಗಾಜು ಒಡೆದಿದೆ. ಇದು ಆಟದ ದುಷ್ಪರಿಣಾಮಕ್ಕೆ ಕಣ್ಣೆದುರಿನ ಸಾಕ್ಷಿಯಾಗಿರುವುದರಿಂದ, ಈ ಹಿಂದೆ ಇದೇ ಗೋಡೆಗೆ ಎಸೆಯಲಾದ ಸ್ಟೀಲ್ ಲೋಟ, ರಿಮೋಟ್ ಮತ್ತು ಉಪ್ಪಿಟ್ಟಿನ ತಟ್ಟೆಗಳೂ ಇದೇ ಆಟದ ಪರಿಣಾಮ ಎಂದು ಪೂರ್ವಾನ್ವಯವಾಗುವಂತೆ ದಾಖಲಿಸಿಕೊಳ್ಳಲಾಗಿದೆ.

೬. ವಿನಾಯಿತಿಗಳು. ಕ್ರಿಕೆಟ್ ನೋಡುತ್ತಾ “ಹೊಡಿ, ಸರಿಯಾಗಿ ಹೊಡಿ ಅವನಿಗೆ” ಎಂದು ಕೂಗುವುದು ದೇಶಪ್ರೇಮ. ಉತ್ತರಾಯಣದಂದು ಗಾಜಿನ ಪುಡಿ ಸವರಿದ ದಾರದಿಂದ ಪಕ್ಕದ ಟೆರೇಸಿನವರ ಗಾಳಿಪಟ ಕತ್ತರಿಸಿ, ಅವರು ಬಯ್ದರೆ ತಿರುಗಿ ಬಯ್ಯುವುದು ಸಂಸ್ಕೃತಿ. ಸ್ಕೂಟರಿಗೆ ಅಡ್ಡ ಬಂದವರ ತಾಯಿಯನ್ನು ಮೂರು ಭಾಷೆಗಳಲ್ಲಿ ನೆನೆಯುವುದು ಭಾಷಾ ಸಾಮರಸ್ಯ. ಇವುಗಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

೭. ಇನ್ನು ಮುಂದೆ ಆಟವಾಡುವವರು ಎದುರಾಳಿಗೆ ಗುಂಡು ಹಾರಿಸುವ ಮುನ್ನ ಕಾರಣ ಕೇಳುವ ನೋಟಿಸು ನೀಡಿ, ಉತ್ತರಕ್ಕೆ ಕಾಲಾವಕಾಶ ಕೊಡತಕ್ಕದ್ದು. ಬಂದೂಕುಗಳನ್ನು ಪೂಜೆ ಮಾಡಿಸಿ ಬೀರುವಿನಲ್ಲಿ ಇಡತಕ್ಕದ್ದು. ತಂಡದವರು ಬಿದ್ದಲ್ಲಿ, ಅವರು ಯಾಕೆ ಬಿದ್ದರು, ಅವರದೂ ಏನಾದರೂ ತಪ್ಪಿರಬಹುದೇ ಎಂದು ಮೊದಲು ವಿಚಾರಿಸತಕ್ಕದ್ದು. ಎಬ್ಬಿಸುವುದಕ್ಕೆ ಮನೆಯ ಹಿರಿಯರ ಲಿಖಿತ ಅನುಮತಿ ಕಡ್ಡಾಯ.

೮. ಮಣಿಕಟ್ಟು ಸಂರಕ್ಷಣೆ. ಹಿರಿಯರ ಕೈ ಮೇಲಿರುವಾಗ ಕಿರಿಯರು ಬೇರೆ ಕೋಣೆಯಲ್ಲಿರತಕ್ಕದ್ದು. ಬೇರೆ ಕೋಣೆ ಇಲ್ಲದ ಫ್ಲ್ಯಾಟುಗಳಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಲ್ಲತಕ್ಕದ್ದು. ವಸ್ತ್ರಾಪುರದ ನಿವಾಸಿಗಳು ಕೆರೆಯನ್ನು ನೋಡಬಹುದು.

೯. ಶಿಸ್ತು ಕ್ರಮ. ಕುಮಾರಿ ಸಂಹಿತಾ ಅವರನ್ನು ಬರುವ ಸೋಮವಾರದಿಂದ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದ ಬಳಿಯಿರುವ ಶ್ರೀ ತಿಮ್ಮಪ್ಪ ಅವರ ಮನೆಗೆ, ಧೋರಣೆ ಸರಿಹೋಗುವವರೆಗೆ, ವರ್ಗಾಯಿಸಲಾಗಿದೆ. ಕಾಲೇಜಿನ ವಿಷಯ ಆಮೇಲೆ ನೋಡಿಕೊಳ್ಳಲಾಗುವುದು. ಅಲ್ಲಿ ಮಗ್ಗಗಳ ಸದ್ದಿಗೆ ಪಕ್ಕದ ಕೋಣೆಯಲ್ಲಿ ನಡೆಯುವುದೂ ಕೇಳಿಸುವುದಿಲ್ಲ ಎಂಬುದು ಈ ಸ್ಥಳದ ಆಯ್ಕೆಗೆ ಮುಖ್ಯ ಕಾರಣ.

ಈ ಸಂಬಂಧ ಶ್ರೀ ತಿಮ್ಮಪ್ಪ ಅವರ ಪತ್ನಿ ಶ್ರೀಮತಿ ರತ್ನಮ್ಮ ಅವರು ಫೋನಿನಲ್ಲಿ, “ಹುಡುಗಿ ಯಾಕ್ರೀ ಕಳಿಸ್ತೀರಿ? ಕೈ ಎತ್ತಿದವರನ್ನ ಕಳಿಸ್ರಿ. ನಮ್ಮನೇಲಿ ಪಾತ್ರೆ ತಿಕ್ಕೋ ಕೆಲಸ ಬೇಕಾದಷ್ಟಿದೆ, ಕೈಗೆ ಒಳ್ಳೆ ಅಭ್ಯಾಸ ಆಗ್ತದೆ” ಎಂದಿರುತ್ತಾರೆ. ಈ ಹೇಳಿಕೆ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಕಡತಕ್ಕೆ ಸೇರಿಸಿಲ್ಲ.

೧೦. ಸದರಿ ವರ್ಗಾವಣೆಯ ನಂತರ ವಸ್ತ್ರಾಪುರದ ಮನೆಯಲ್ಲಿ ಸಂಚಾಲಕರು ಮತ್ತು ಶ್ರೀಮತಿ ರಮಾಮಣಿ ಇಬ್ಬರೇ ಉಳಿಯಲಿದ್ದಾರೆ. ಮಣಿಕಟ್ಟು ಹಿಡಿಯುವವರು ಯಾರೂ ಇರುವುದಿಲ್ಲ. ಹೀಗಾಗಿ ಮನೆಯಲ್ಲಿ ಹಿಂಸೆಯ ಪ್ರಮಾಣ ಸೊನ್ನೆಗೆ ಇಳಿಯಲಿದೆ ಎಂದು ವಿಭಾಗವು ಸಂತೋಷದಿಂದ ಅಂದಾಜಿಸಿದೆ.

ಮೇಲ್ಕಂಡ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ. ತಪ್ಪಿದವರಿಗೆ ಬುದ್ಧಿ ಹೇಳಲಾಗುವುದು.

(ಸಹಿ)
ಮಲ್ಲಿಕಾರ್ಜುನ
ಸಂಚಾಲಕರು, ಸದ್ವರ್ತನಾ ವಿಭಾಗ
(ದೂರುದಾರರ ಪರವಾಗಿ ದೂರುದಾರರು)

ಪ್ರತಿಗಳು:
೧. ಶ್ರೀ ತಿಮ್ಮಪ್ಪ, ಸೂರತ್ ಶಾಖೆ: ಮಾಹಿತಿಗಾಗಿ, ಹಾಗೂ ಹೆಚ್ಚುವರಿ ಹಾಸಿಗೆಯೊಂದನ್ನು ಬಿಸಿಲಿಗೆ ಹಾಕಲು.
೨. ಶ್ರೀ ಸಿದ್ದಲಿಂಗಪ್ಪ, ವಡೋದರ ಶಾಖೆ: ಇನ್ನು ಪ್ರಶ್ನೆ ಕೇಳದಿರಲು.
೩. ಆಟ ತಯಾರಿಸಿದವರು: ವಿಳಾಸ ತಿಳಿಯದ ಕಾರಣ ದ್ವೀಪದ ವಿಳಾಸಕ್ಕೆ.
೪. ಶ್ರೀಮತಿ ನಳಿನಿಬೆನ್, ಎದುರು ಮನೆ: ಕನ್ನಡ ಓದಲು ಬಾರದವರಾದ್ದರಿಂದ ಧೈರ್ಯವಾಗಿ.
೫. ಕುಮಾರಿ ಸಂಹಿತಾ: ಅವರಿಗೂ ಕನ್ನಡ ಓದಲು ಅಷ್ಟಾಗಿ ಬಾರದು. ಯಾರಾದರೂ ಓದಿ ಹೇಳತಕ್ಕದ್ದು. ತಾಯಿ ಓದಿ ಹೇಳಕೂಡದು.
೬. ಮೂರೂ ಶಾಖೆಗಳ ವಾಟ್ಸ್ಆ್ಯಪ್ ಗುಂಪು.

ಷರಾ: ಸುತ್ತೋಲೆಯನ್ನು ಗುಂಪಿಗೆ ಹಾಕಲಾಗಿ, ಸದಸ್ಯರು ಕೈ ಮುಗಿದ ಚಿತ್ರಗಳನ್ನೂ ಗುಲಾಬಿ ಹೂವುಗಳನ್ನೂ ಕಳುಹಿಸಿ ಸ್ವಾಗತಿಸಿದ್ದಾರೆ. ಇದುವರೆಗೆ ಗುಂಪಿನಲ್ಲಿ ಏನನ್ನೂ ಬರೆಯದಿದ್ದ ಶ್ರೀಮತಿ ರಮಾಮಣಿ ಅವರಿಂದ ಮಧ್ಯಾಹ್ನ ಒಂದು ಕೋರಿಕೆ ಬಂದಿದೆ. ಎಲ್ಲ ಸದಸ್ಯರೂ ಅದನ್ನು ಓದಿರುವುದು ದೃಢಪಟ್ಟಿದ್ದು, ಯಾರಿಂದಲೂ ಉತ್ತರ ಬಾರದ ಕಾರಣ ಅದನ್ನು ಇದ್ದ ಹಾಗೆಯೇ ಕೆಳಗೆ ದಾಖಲಿಸಲಾಗಿದೆ.

“ನನ್ನ ಮಗಳನ್ನ ಕಳಿಸಬ್ಯಾಡ್ರಿ. ನನ್ನ ಹತ್ರನೇ ಇರಲಿ.”