ಎಂಟನೇ ಪ್ಲಾಟ್‌ಫಾರ್ಮಿನ ಕನ್ನಡ

ನನ್ನ ಬಾಯಿಯ ದೆಸೆಯಿಂದ ಒಬ್ಬ ಹೆಣ್ಣುಮಗಳಿಗೆ ಗಾಡಿ ತಪ್ಪಿತು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲವಾದರೆ ನಡುವೆ ಎಲ್ಲಾದರೂ ಮಾತು ತಿರುಗಿಸಿ ಪಾರಾಗಿಬಿಡುವ ಆಸಾಮಿ ನಾನು.

ಕೌಜಲಗಿಯವನಾದ ನನಗೆ ಮುಂಬೈಯ ಹಳೆಯ ದೊಡ್ಡ ಸ್ಟೇಷನ್ನಿನಲ್ಲಿ, ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೋಣೆಯಲ್ಲಿ ಕೆಲಸ. ಕಲ್ಲಿನ ಕಮಾನಿನಡಿ ಕೂತು ದಿನವಿಡೀ ಚೀಟಿ ಹರಿದುಕೊಡುವುದು. ಲೋಕಲ್ ಗಾಡಿಯೊಂದು ಬಂದರೆ ಚೀಲದ ಬಾಯಿ ಬಿಚ್ಚಿ ಜೋಳ ಸುರಿದ ಹಾಗೆ ಜನ. ಮರುಗಳಿಗೆ ಬರೀ ನೆಲ, ಪಾರಿವಾಳ. ಆ ಖಾಲಿ ಗಳಿಗೆಯಲ್ಲಿ ಜೊತೆಗಾರರು ನನ್ನಿಂದ ಬೇರೆಯವರ ದನಿ ತೆಗೆಸುತ್ತಾರೆ. ಟಿಕೆಟ್ ತಪಾಸಣೆಯ ಸಾಹೇಬರ ಕೆಮ್ಮು, ಹಮಾಲರ ಕೂಗು, ಎತ್ತನ್ನು ಕರೆದಂತೆ ಫೋನಿನಲ್ಲಿ ನನ್ನನ್ನು ಕರೆಯುವ ನಮ್ಮ ಕಾಕಾ, ಎಲ್ಲರೂ ನನ್ನ ಗಂಟಲಲ್ಲೇ ಬಿಡಾರ ಹೂಡಿದ್ದಾರೆ. ನನ್ನದೇ ದನಿಗೆ ಅಲ್ಲಿ ಜಾಗ ಸಾಲದು.

ಅವತ್ತು ಸಂಜೆ ಖಾಲಿ ಡಬ್ಬಿಯೊಂದನ್ನು ಬಾಯಿಗಿಟ್ಟುಕೊಂಡೆ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಗಾಡಿಯ ಸೂಚನೆ ಕೊಡುವ ಹೆಂಗಸಿನ ದನಿ ತೆಗೆದು ನಮ್ಮೂರ ಮಾತಿನಲ್ಲಿ ಹೊಡೆದೆ: "ಮಿರಜಕ್ಕ ಹೋಗು ಗಾಡಿ ಎಂಟನೇ ಪ್ಲಾಟ್‌ಫಾರ್ಮಿಗಿ ಬರಾಕತ್ತೈತ್ರಿ. ಗಂಟುಮೂಟಿ ತಗೊಂಡು ಲಗೂನ ನಡೀರಿ." ದನಿ ಕಮಾನಿನಿಂದ ಆಚೆಗೂ ಮೊಳಗಿತು; ಜೊತೆಗಾರರೆಲ್ಲ ಬಿದ್ದು ಬಿದ್ದು ನಕ್ಕರು.

ಅರ್ಧ ತಾಸಿನ ಮೇಲೆ, ಬಗಲಲ್ಲಿ ಗಂಟು ಇಟ್ಟುಕೊಂಡ ಹೆಣ್ಣುಮಗಳೊಬ್ಬರು ಕಿಟಕಿಗೆ ಬಂದರು.

"ಕನ್ನಡದಾಗ ಹೇಳಿದ ಆ ಬಾಯಾರು ಎಲ್ಲಿ ಕುಂದರ್ತಾರ್ರಿ? ಈ ಊರಾಗ ನಮ್ಮ ಮಾತು ಕೇಳಿದ್ದ ಇದ ಮೊದಲು. ಎದ್ದು ಎಂಟಕ್ಕ ಹೋಗಿ ನಿಂತ್ನಿ. ಗಾಡಿ ಬ್ಯಾರೆ ಕಡೆಯಿಂದ ಹೋತು."

ನಮ್ಮೂರ ಕಡೆಯ ಮಸಗುಪ್ಪಿಯವರು; ಮಿರಜದ ಗಾಡಿ ಹಿಡಿದೇ ಊರಿಗೆ ಹೋಗಬೇಕು. ಮರುದಿನ ಮಧ್ಯಾಹ್ನ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು; ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದ ಸೋದರತ್ತೆ ಇವರೊಬ್ಬರೇ. ಮುಂದಿನ ಗಾಡಿ ಹಿಡಿದರೆ ಊರು ಮುಟ್ಟುವುದು ಸಂಜೆಗೆ.

"ಆ ಬಾಯಾರು ನಾನ ರೀ, ಅಕ್ಕಾರ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತು ಮೂರು ದಿನ ಜೊತೆಗಾರರನ್ನು ನಗಿಸುತ್ತಿದ್ದೆನೇನೋ. ಸುಮ್ಮನೆ ನಿಂತರು, ಅದನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ. ತಪ್ಪು ತಿದ್ದುವ ಆತುರದಲ್ಲಿ ಇನ್ನೊಂದು ತಪ್ಪು ಮಾಡಿದೆ.

"ಫೋನ್ ಹಚ್ಚಿ ಕೂಸಿನ ಕಿವಿಗಿ ಹಿಡೀರಿ ಅಂತ ಹೇಳ್ರಿ. ಇಲ್ಲಿಂದನ ಹೆಸರು ಕರದ್ರಾತು. ದನಿ ಮುಟ್ಟಿದ್ರ ಸಾಕಲ್ರಿ?"

ಅವರು ಗಂಟನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡರು.

"ಬರೇ ದನಿ ನಂಬಿ ನಾ ಎಂಟಕ್ಕ ಹೋದ್ನಿ, ತಮ್ಮಾ. ತೊಟ್ಟಿಲದಾಗಿನ ಕೂಸಿಗೂ ಅದನ್ನ ಕಲಿಸು ಅಂತೀಯೇನು?"